ಬಾಣಂತಿಯ ಸಹಿ

"ನಮ್ಮನ್ನೇನು ಗಿನಿ ಪಿಗ್ ಅಂದ್ಕೊಂಡಿದ್ದಾರಾ?"

ಬಾಣಂತಿ ಖಿನ್ನತೆಯ ಮೇಲಿನ ಕ್ಲಿನಿಕಲ್ ಟ್ರಯಲ್ ಒಂದಕ್ಕೆ ಸೇರ್ಕೊಳ್ತೀರಾ ಅಂತ ಶಿಕಾಗೋ ಕಡೆಯದೋ ಡೆಟ್ರಾಯ್ಟ್ ಕಡೆಯದೋ ಯಾವುದಾದ್ರೂ ಆಸ್ಪತ್ರೆಯವರು ಕೇಳಿದ್ರೆ ನಮ್ಮ ಜನರ ಬಾಯಲ್ಲಿ ಮೊದಲು ಬರೋ ಮಾತು ಇದೇ. ಊರಿಂದ ಬಾಣಂತನಕ್ಕೆ ಅಂತ ಆರು ತಿಂಗಳ ವೀಸಾದಲ್ಲಿ ಬಂದಿರೋ ಅಮ್ಮನೂ ಅದನ್ನೇ ಹೇಳ್ತಾರೆ, ಸಾಫ್ಟ್‌ವೇರ್ ಕಂಪನಿಯಲ್ಲಿ ದಿನಾ ಹತ್ತು ತರಹದ ಟೆಸ್ಟ್ ಮಾಡಿಸೋ ಅಳಿಯನೂ ಅದನ್ನೇ ಹೇಳ್ತಾನೆ. ಇದೊಂದು ವಿಷಯದಲ್ಲಿ ಅತ್ತೆ-ಅಳಿಯಂದಿರಿಗೆ ಪೂರ್ತಿ ಒಮ್ಮತ!

ಈ ಮಾತನ್ನ ಮೌಢ್ಯ ಅಂತ ತಳ್ಳಿಹಾಕೋಕೆ ಆಗಲ್ಲ. ಇದೇ ಎರಡು ಊರುಗಳ ಹಳೇ ಕಡತ ಬಿಚ್ಚಿದ್ರೆ ಆ ಭಯಕ್ಕೆ ಬೇಕಾದಷ್ಟು ಆಧಾರ ಸಿಗುತ್ತೆ. ಆದರೆ ಕಡತವನ್ನ ಅರ್ಧಕ್ಕೇ ಮುಚ್ಚದೆ ಕೊನೇವರೆಗೂ ಓದಿದ್ರೆ ಬೇರೆ ಒಂದು ಸಂಗತಿ ಕಾಣುತ್ತೆ. ಸ್ವಲ್ಪ ಉದ್ದದ ಕತೆ, ಒಂದು ಲೋಟ ಕಾಫಿ ಮಾಡ್ಕೊಂಡು ಬಂದು ಕೂತ್ಕೊಳ್ಳಿ.

*

ಮೊದಲು ಹೆಸರುಗಳ ಗೊಂದಲ ಬಗೆಹರಿಸಿಕೊಳ್ಳೋಣ. ಹೆರಿಗೆಯಾದ ಮೊದಲ ಒಂದೆರಡು ವಾರ ಸುಮ್ಮಸುಮ್ಮನೆ ಅಳು ಬರೋದು, ರೇಗೋದು ಬಹಳಷ್ಟು ಹೆಂಗಸರಿಗೆ ಆಗುತ್ತೆ, ತಾನಾಗಿಯೇ ಹೋಗುತ್ತೆ. ಅದು ಕಾಯಿಲೆಯಲ್ಲ. ಇನ್ನೊಂದು ತುದಿಯಲ್ಲಿ ನಮ್ಮ ಹಿರಿಯರು 'ಬಾಣಂತಿ ಸನ್ನಿ' ಅಂತಿದ್ದರಲ್ಲ, ಅದು. ಸಾವಿರಕ್ಕೆ ಒಬ್ಬಿಬ್ಬರಿಗೆ ಬರೋವಂಥದ್ದು, ಆದರೆ ಭಯಂಕರವಾದದ್ದು, ತಕ್ಷಣ ಆಸ್ಪತ್ರೆಗೆ ಸೇರಿಸಬೇಕಾದದ್ದು. ಇವೆರಡರ ನಡುವೆ, ಯಾರ ಕಣ್ಣಿಗೂ ಬೀಳದೆ ಕೂತಿರೋದು ಬಾಣಂತಿ ಖಿನ್ನತೆ. ಅಮೆರಿಕದ ಸರಕಾರಿ ಲೆಕ್ಕದ ಪ್ರಕಾರ ಇಲ್ಲಿ ಸುಮಾರು ಎಂಟು ಬಾಣಂತಿಯರಲ್ಲಿ ಒಬ್ಬರಿಗೆ ಅದರ ಲಕ್ಷಣಗಳಿರುತ್ತವೆ.

ಕನ್ನಡದವರಿಗೆ ಈ ವಿಷಯ ಅಂದ ಕೂಡಲೇ ನೆನಪಾಗೋದು 'ಶರಪಂಜರ'. ಕಾವೇರಿಯ ಪಾತ್ರದಲ್ಲಿ ಕಲ್ಪನಾ, ಪುಟ್ಟಣ್ಣ ಕಣಗಾಲರ ನಿರ್ದೇಶನ, 1971ರ ಸಿನಿಮಾ. ಮೂಲ ಕಾದಂಬರಿ ತ್ರಿವೇಣಿಯವರದು. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ ತಾವೇ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರು ಬರೆದದ್ದು ಆ ಸನ್ನಿಯ ಕತೆ. ಆದರೆ ಕತೆಯ ಮುಳ್ಳು ಇರೋದು ಕಾಯಿಲೆಯಲ್ಲಿ ಅಲ್ಲ. ಗುಣವಾಗಿ ಆಸ್ಪತ್ರೆಯಿಂದ ವಾಪಸ್ ಬಂದ ಕಾವೇರಿಯನ್ನ ಮನೆಯವರು, ಬೀದಿಯವರು 'ಹುಚ್ಚಾಸ್ಪತ್ರೆಗೆ ಹೋಗಿ ಬಂದವಳು' ಅಂತ ನೋಡೋ ಆ ಕಣ್ಣುಗಳಲ್ಲಿ. ಐವತ್ತು ವರ್ಷ ಕಳೆದು, ಏಳು ಸಮುದ್ರ ದಾಟಿ ಬಂದ್ರೂ ನಾವು ನೇಪರ್‌ವಿಲ್‌ನಲ್ಲೋ ಟ್ರಾಯ್‌ನಲ್ಲೋ ಡಾಕ್ಟರ ಮುಂದೆ ಬಾಯಿ ಬಿಡದೇ ಇರೋದಕ್ಕೆ ಕಾರಣ ಆ ಕಣ್ಣುಗಳೇ. ಗಿನಿ ಪಿಗ್ ಆಗೋ ಭಯ ಅದರ ಮೇಲೆ ಹೊದಿಸಿದ ಎರಡನೇ ಕಂಬಳಿ.

*

ಈಗ ಆ ಎರಡನೇ ಕಂಬಳಿ ತೆಗೆದು ನೋಡೋಣ.

ಶಿಕಾಗೋದಲ್ಲಿ 1895ರಲ್ಲಿ ಜೋಸೆಫ್ ಡಿಲೀ ಅನ್ನೋ ಡಾಕ್ಟರು ಬಡ ಗರ್ಭಿಣಿಯರಿಗಾಗಿ ಒಂದು ಆಸ್ಪತ್ರೆ ಶುರು ಮಾಡಿದರು. ಹೆಸರು ಶಿಕಾಗೋ ಲೈಯಿಂಗ್-ಇನ್ ಆಸ್ಪತ್ರೆ. ಲೈಯಿಂಗ್-ಇನ್ ಅಂದ್ರೆ ನಮ್ಮ ಮಾತಲ್ಲಿ ಬಾಣಂತನವೇ! ಅದು ಮುಂದೆ ಶಿಕಾಗೋ ವಿಶ್ವವಿದ್ಯಾಲಯದ ಭಾಗವಾಯ್ತು. 1950ರಿಂದ 1952ರವರೆಗೆ ಅಲ್ಲಿ ಒಂದು ದೊಡ್ಡ ಟ್ರಯಲ್ ನಡೀತು. ಡಿಇಎಸ್ ಅನ್ನೋ ಕೃತಕ ಈಸ್ಟ್ರೋಜನ್ ಮಾತ್ರೆ ಗರ್ಭಪಾತ ತಡೆಯುತ್ತೆ ಅಂತ ಆ ಕಾಲದ ಡಾಕ್ಟರುಗಳು ನಂಬಿದ್ದರು. 1947ರಿಂದ ಅದನ್ನ ಗರ್ಭಿಣಿಯರಿಗೆ ಕೊಡೋಕೆ ಸರಕಾರದ ಒಪ್ಪಿಗೆಯೂ ಇತ್ತು. ನಿಜಕ್ಕೂ ತಡೆಯುತ್ತಾ ಅಂತ ನೋಡೋಕೆ ವಿಲಿಯಂ ಡೀಕ್‌ಮನ್ ಮತ್ತವರ ತಂಡ 840 ಗರ್ಭಿಣಿಯರಿಗೆ ಡಿಇಎಸ್, 806 ಮಂದಿಗೆ ಅದೇ ತರ ಕಾಣೋ ಔಷಧಿಯಿಲ್ಲದ ಮಾತ್ರೆ ಕೊಟ್ಟರು.

ಲೆಕ್ಕದ ಮಟ್ಟಿಗೆ ಒಳ್ಳೇ ಟ್ರಯಲ್. ಆದರೆ ಆ ಹೆಂಗಸರಿಗೆ ತಾವೊಂದು ಪ್ರಯೋಗದಲ್ಲಿ ಇದ್ದೀವಿ ಅಂತ ಹೇಳಿರಲಿಲ್ಲ ಅನ್ನೋದು ಅವರು ಆಮೇಲೆ ಕೋರ್ಟಿನಲ್ಲಿ ಇಟ್ಟ ಆರೋಪ. ಅವರಿಗದು ಗೊತ್ತಾಗಿದ್ದು ಎಪ್ಪತ್ತರ ದಶಕದ ಮಧ್ಯದಲ್ಲಿ, ಮನೆಗೆ ಕಾಗದ ಬಂದಾಗ. ಅಷ್ಟರಲ್ಲಿ, 1971ರಲ್ಲಿ, ಬಾಸ್ಟನ್ನಿನ ಡಾಕ್ಟರುಗಳು ಡಿಇಎಸ್ ತಗೊಂಡ ತಾಯಂದಿರ ಹೆಣ್ಣುಮಕ್ಕಳಲ್ಲಿ ಬಹಳ ಅಪರೂಪದ ಒಂದು ಯೋನಿ ಕ್ಯಾನ್ಸರ್ ಬರ್ತಾ ಇರೋದನ್ನ ತೋರಿಸಿದ್ದರು. 1978ರಲ್ಲಿ ಮಿಂಕ್ ಮೊಕದ್ದಮೆಯಲ್ಲಿ ಶಿಕಾಗೋದ ಫೆಡರಲ್ ಕೋರ್ಟು, ಒಪ್ಪಿಗೆಯಿಲ್ಲದೆ ಔಷಧಿ ಕೊಡೋದು ಮೈಮೇಲೆ ಕೈಮಾಡಿದ ಅಪರಾಧದ ಲೆಕ್ಕಕ್ಕೇ ಬರಬಹುದು, ವಿಚಾರಣೆ ಮುಂದುವರೀಲಿ ಅಂತ ಹೇಳ್ತು.

ನೋಡಿದ್ರಾ, ಗಿನಿ ಪಿಗ್ ಅಂತ ಅತ್ತೆ-ಅಳಿಯ ಹೇಳಿದ್ದು ನಿಜ ಅಲ್ವಾ ಅಂತ ನೀವು ಕೇಳಬಹುದು. ತಡೀರಿ, ಕತೆಯ ಇನ್ನರ್ಧ ಇದೆ. ಆ ಟ್ರಯಲ್‌ನ ಫಲಿತಾಂಶ 1953ರಲ್ಲಿ ಪ್ರಕಟವಾಯ್ತು: ಡಿಇಎಸ್‌ನಿಂದ ಗರ್ಭಪಾತ ಏನೂ ಕಡಿಮೆ ಆಗಲ್ಲ. ಅಂದ್ರೆ ಔಷಧಿ ದಂಡ ಅಂತ ತೋರಿಸಿದ್ದು ಇದೇ ಟ್ರಯಲ್! ಆದ್ರೂ ದೇಶದ ಡಾಕ್ಟರುಗಳು ಇನ್ನೂ ಹದಿನೆಂಟು ವರ್ಷ ಅದನ್ನ ಬರೆದುಕೊಡ್ತಾನೇ ಇದ್ದರು. ಶಿಕಾಗೋದ ಟ್ರಯಲ್ ಒಳಗಿದ್ದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗಾದರೂ ಆ ಮಾತ್ರೆ ತಪ್ಪಿತು. ಹೊರಗಡೆ, ಚೀಟಿ ಹಿಡಿದು ಅಂಗಡಿಗೆ ಹೋದವರಿಗೆ ಒಬ್ಬರಿಗೂ ತಪ್ಪಲಿಲ್ಲ. ಹಾಗಾದ್ರೆ ನಿಜವಾದ ಗಿನಿ ಪಿಗ್ ಯಾರು? ಒಳಗಿದ್ದವರಿಗೆ ಆದದ್ದು ಅನ್ಯಾಯ, ಯಾಕಂದ್ರೆ ಕೇಳಲಿಲ್ಲ. ಹೊರಗಿದ್ದವರಿಗೆ ಆದದ್ದೂ ಅನ್ಯಾಯವೇ, ಯಾಕಂದ್ರೆ ಗೊತ್ತಾದದ್ದನ್ನ ಹೇಳಲಿಲ್ಲ. ಒಂದು ಅನ್ಯಾಯ ನೆನಪಿಟ್ಟುಕೊಂಡು ಇನ್ನೊಂದನ್ನ ಮರೆತ್ರೆ ಲೆಕ್ಕ ತಪ್ಪುತ್ತೆ.

*

ಡೆಟ್ರಾಯ್ಟ್ ಈ ಕತೆಗೆ ಸೇರಿಸಿದ್ದು ಬೇರೆ ಒಂದು ಪಾಠ. 1972ರಲ್ಲಿ ಅಲ್ಲಿನ ಲಫಯೆಟ್ ಕ್ಲಿನಿಕ್‌ನಲ್ಲಿ, ಹದಿನೇಳು-ಹದಿನೆಂಟು ವರ್ಷದಿಂದ ಮಾನಸಿಕ ಆಸ್ಪತ್ರೆಯಲ್ಲಿ ಬಂಧನದಲ್ಲಿದ್ದ ಒಬ್ಬ ಮನುಷ್ಯನ ಮೆದುಳಿಗೆ ಪ್ರಯೋಗದ ಶಸ್ತ್ರಚಿಕಿತ್ಸೆ ಮಾಡೋ ತಯಾರಿ ನಡೆದಿತ್ತು. ಅವನು ಸಹಿ ಹಾಕಿದ್ದ. ಗೇಬ್ ಕೈಮೊವಿಟ್ಸ್ ಅನ್ನೋ ವಕೀಲರು ಕೋರ್ಟಿಗೆ ಹೋದರು. 1973ರ ಜುಲೈನಲ್ಲಿ ವೇಯ್ನ್ ಕೌಂಟಿಯ ಮೂವರು ನ್ಯಾಯಾಧೀಶರು ತೀರ್ಪು ಕೊಟ್ಟರು. ಒಪ್ಪಿಗೆ ಅನ್ನೋಕೆ ಮೂರು ಕಾಲು ಬೇಕು: ಅರ್ಥ ಮಾಡಿಕೊಳ್ಳೋ ಶಕ್ತಿ, ಸಾಕಷ್ಟು ಮಾಹಿತಿ, ಯಾರ ಒತ್ತಾಯವೂ ಇಲ್ಲದ ಮನಸ್ಸು. ಬಂಧನದಲ್ಲಿ ಇರೋನಿಗೆ, ಬಿಡುಗಡೆಯ ಆಸೆ ಮುಂದಿಟ್ಟಾಗ, ಅಂಥ ಅಪಾಯದ ಪ್ರಯೋಗಕ್ಕೆ ನಿಜವಾದ ಒಪ್ಪಿಗೆ ಕೊಡೋಕೆ ಸಾಧ್ಯವೇ ಇಲ್ಲ ಅಂದರು. ಕಾಗದದ ಮೇಲಿನ ಸಹಿ ಬೇರೆ, ಒಪ್ಪಿಗೆ ಬೇರೆ.

ಬಾಣಂತಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ಯೋಚಿಸಿ. ರಾತ್ರಿ ಎರಡೆರಡು ಗಂಟೆಗೆ ಎದ್ದು ಹಾಲು ಕೊಡೋ, ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡದ, 'ನಾನು ಕೆಟ್ಟ ತಾಯಿ' ಅಂತ ಒಳಗೊಳಗೇ ಕೊರಗ್ತಾ ಇರೋ ಹೆಂಗಸಿನ ಮುಂದೆ ಇಪ್ಪತ್ತು ಪುಟದ ಕಾಗದ ಇಟ್ರೆ ಅವಳು ಓದಿ ಸಹಿ ಹಾಕ್ತಾಳಾ, ಸುಮ್ಮನೆ ಸಹಿ ಹಾಕ್ತಾಳಾ? ಗಂಡ 'ಹಾಕು' ಅಂದ್ರೆ ಹಾಕಿದ್ದು, ಅತ್ತೆ 'ಬೇಡ' ಅಂದ್ರೆ ಬಿಟ್ಟದ್ದು, ಇವೆರಡರಲ್ಲಿ ಯಾವುದು ಅವಳ ಮನಸ್ಸು? ಇವತ್ತಿನ ನಿಯಮಗಳು ಹುಟ್ಟಿದ್ದು ಇಂಥ ಪ್ರಶ್ನೆಗಳಿಂದಲೇ. ಟಸ್ಕೀಗಿಯಲ್ಲಿ ಕರಿಯ ರೈತರನ್ನ 1932ರಿಂದ 1972ರವರೆಗೆ ಚಿಕಿತ್ಸೆ ಕೊಡದೆ ಬರೀ ನೋಡ್ತಾ ಕೂತದ್ದು ಬಯಲಾದ ಮೇಲೆ ಅಮೆರಿಕದಲ್ಲಿ ಕಾನೂನು ಬಂತು, 1979ರಲ್ಲಿ ಬೆಲ್ಮಾಂಟ್ ವರದಿ ಬಂತು, ಪ್ರತಿಯೊಂದು ಟ್ರಯಲನ್ನೂ ಮೊದಲೇ ಪರಿಶೀಲಿಸೋ ಸಮಿತಿಗಳು ಕಡ್ಡಾಯವಾದವು.

ಆದರೆ ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ನೆಗಡಿ ಬಂತು ಅಂತ ಮೂಗು ಕುಯ್ಕೊಂಡ ಹಾಗೆ ಅಂತ. ಹಾಗೇ ಆಯ್ತು. ಥ್ಯಾಲಿಡೋಮೈಡ್, ಡಿಇಎಸ್ ಎರಡೂ ಅನಾಹುತ ನೋಡಿ ಹೆದರಿದ ಅಮೆರಿಕದ ಔಷಧ ಇಲಾಖೆ, 1977ರಲ್ಲಿ ಮಕ್ಕಳಾಗೋ ವಯಸ್ಸಿನ ಹೆಂಗಸರನ್ನ ಔಷಧಿಗಳ ಮೊದಮೊದಲ ಹಂತದ ಟ್ರಯಲ್‌ಗಳಿಂದ ದೂರ ಇಡಿ ಅಂತ ಸೂಚನೆ ಕೊಟ್ಟಿತು. ಕಾಪಾಡೋಕೆ ಅಂತ ಮಾಡಿದ್ದು. ಪರಿಣಾಮ? ಔಷಧಿಗಳನ್ನ ಗಂಡಸರ ಮೇಲೆ ಪರೀಕ್ಷೆ ಮಾಡಿ ಹೆಂಗಸರಿಗೆ ಕೊಡೋದು. ಈ ಸೂಚನೆ ತೆಗೆದದ್ದು 1993ರಲ್ಲಿ. ಬಾಣಂತಿಯರಂತೂ ಲೆಕ್ಕದಲ್ಲೇ ಇರಲಿಲ್ಲ. ಬಾಣಂತಿ ಖಿನ್ನತೆಗೆ ಖಿನ್ನತೆಯ ಮಾತ್ರೆ ಕೆಲಸ ಮಾಡುತ್ತಾ ಅಂತ ಡಮ್ಮಿ ಮಾತ್ರೆಯ ಜೊತೆ ಹೋಲಿಸಿ ನೋಡಿದ ಹೆಸರಾಂತ ಮೊದಲ ಟ್ರಯಲ್ ಪ್ರಕಟವಾಗಿದ್ದು 1997ರಲ್ಲಿ, ಅದೂ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಿಂದ, 87 ಹೆಂಗಸರ ಮೇಲೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು 28 ವರ್ಷ ಆದ ಮೇಲೆ!

*

ಈಗ 2001ಕ್ಕೆ ಬರೋಣ. ಶಿಕಾಗೋದ ಮೆಲನಿ ಬ್ಲಾಕರ್ ಸ್ಟೋಕ್ಸ್. ಔಷಧ ಕಂಪನಿಯಲ್ಲಿ ಸೇಲ್ಸ್ ಮ್ಯಾನೇಜರ್, ಗಂಡ ಡಾಕ್ಟರು. ಫೆಬ್ರವರಿ 23ರಂದು ಹೆಣ್ಣುಮಗು ಹುಟ್ಟಿತು, ಬಹಳ ಆಸೆಪಟ್ಟು ಪಡೆದ ಮಗು. ಕೆಲವೇ ವಾರಗಳಲ್ಲಿ ಊಟ ಬಿಟ್ಟರು, ನೀರು ಕುಡಿಯೋದೂ ಕಷ್ಟವಾಯ್ತು. ಏಳು ವಾರದಲ್ಲಿ ಮೂರು ಸಲ ಆಸ್ಪತ್ರೆಗೆ ಸೇರಿಸಿದರು. ಒಂದಾದ ಮೇಲೊಂದು ಮಾತ್ರೆ, ಕರೆಂಟಿನ ಚಿಕಿತ್ಸೆ, ಎಲ್ಲಾ ಆಯ್ತು. ಜೂನ್ 11ರಂದು ಮೆಲನಿ ಪ್ರಾಣ ಕಳೆದುಕೊಂಡರು. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಒಂಬತ್ತು ದಿನಕ್ಕೆ ಸರಿಯಾಗಿ ಹ್ಯೂಸ್ಟನ್‌ನಿಂದ ಆಂಡ್ರಿಯಾ ಯೇಟ್ಸ್ ಸುದ್ದಿ ಬಂತು. ಅದೇ ಬೇಸಗೆಯಲ್ಲಿ ಶಿಕಾಗೋದಲ್ಲೇ ಜೆನಿಫರ್ ಮಡ್ ಹೌಟಲಿಂಗ್ ಅನ್ನೋ ಇನ್ನೊಬ್ಬ ಹೊಸ ತಾಯಿಯೂ ಹೋದರು.

ಮೆಲನಿಗೆ ದುಡ್ಡಿನ ಕೊರತೆ ಇರಲಿಲ್ಲ, ಡಾಕ್ಟರುಗಳ ಕೊರತೆ ಇರಲಿಲ್ಲ, ಪ್ರೀತಿಗೂ ಕೊರತೆ ಇರಲಿಲ್ಲ. ಈ ಕಾಯಿಲೆಗೆ ಅಂತಲೇ ಪರೀಕ್ಷೆ ಮಾಡಿ ತಯಾರಿಸಿದ ಒಂದು ಔಷಧಿ ಆವತ್ತು ಇರಲಿಲ್ಲ. ಬೇರೆ ಖಿನ್ನತೆಗೆ ಅಂತ ಇದ್ದ ಔಷಧಿಗಳನ್ನೇ ಕೊಟ್ಟು ಕಾಯಬೇಕಿತ್ತು, ಅವು ಹಿಡಿಯೋಕೆ ವಾರಗಟ್ಟಲೆ ಬೇಕು.

ಮೆಲನಿಯ ತಾಯಿ ಕ್ಯಾರಲ್ ಬ್ಲಾಕರ್ ಸುಮ್ಮನೆ ಕೂರಲಿಲ್ಲ. ಶಿಕಾಗೋದ ಕಾಂಗ್ರೆಸ್ ಸದಸ್ಯ ಬಾಬಿ ರಷ್ ಅವರ ಮೂಲಕ, ಬಾಣಂತಿ ಖಿನ್ನತೆಯ ಸಂಶೋಧನೆಗೆ, ಆರೈಕೆಗೆ ಅಂತ ಮಗಳ ಹೆಸರಿನ ಮಸೂದೆಯನ್ನ ವರ್ಷವರ್ಷ ಹಿಡಿದು ನಿಂತರು. 2007ರ ಅಕ್ಟೋಬರ್‌ನಲ್ಲಿ ಕೆಳಮನೆ ಅದನ್ನ ಒಪ್ಪಿತು. ಕೊನೆಗೆ 2010ರ ಮಾರ್ಚಿನಲ್ಲಿ, ಒಬಾಮಾ ಅವರ ಆರೋಗ್ಯ ಕಾನೂನಿನ ಒಳಗೆ ಸೇರಿ ಅದು ಜಾರಿಗೆ ಬಂತು. ಒಂಬತ್ತು ವರ್ಷ. ಇಲಿನಾಯ್ ರಾಜ್ಯ ಅಷ್ಟು ಕಾಯಲಿಲ್ಲ. 2008ರ ಜನವರಿ 1ರಿಂದಲೇ ಗರ್ಭಿಣಿ-ಬಾಣಂತಿಯರಿಗೆ ಖಿನ್ನತೆಯ ಬಗ್ಗೆ ತಿಳಿಸಿ, ಪ್ರಶ್ನಾವಳಿ ತುಂಬೋಕೆ ಹೇಳಬೇಕು ಅನ್ನೋ ಕಾನೂನು ತಂದಿತು. (ಅದೇ 2008ರಲ್ಲಿ ಶಿಕಾಗೋದಲ್ಲಿ ಅಕ್ಕ ಸಮ್ಮೇಳನ ನಡೀತು. ಅಲ್ಲಿ ಸೇರಿದ್ದ ನಮ್ಮ ಜನರಲ್ಲಿ ಎಷ್ಟು ಮಂದಿಗೆ ಈ ಕಾನೂನು ಗೊತ್ತಿತ್ತೋ!)

ಮಿಶಿಗನ್‌ನಲ್ಲಿ ಏನಾಗ್ತಿತ್ತು? ಆನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದ ಶೀಲಾ ಮಾರ್ಕಸ್ ಮತ್ತವರ ತಂಡ, ಪ್ರಸೂತಿ ಕ್ಲಿನಿಕ್‌ಗಳಲ್ಲಿ ಸರದಿ ಕಾಯ್ತಾ ಕೂತಿದ್ದ 3,472 ಗರ್ಭಿಣಿಯರನ್ನ ವಿಚಾರಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಐದರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣ. ಆ ಒಬ್ಬರೊಬ್ಬರಲ್ಲಿ ಯಾವುದಾದ್ರೂ ಚಿಕಿತ್ಸೆ ಸಿಗ್ತಾ ಇದ್ದದ್ದು ಬರೀ ಶೇ. 13.8 ಮಂದಿಗೆ. ಡಾಕ್ಟರ ಕೋಣೆಯ ಬಾಗಿಲಲ್ಲೇ ಕೂತಿದ್ದಾರೆ, ಆದ್ರೂ ಯಾರೂ ಕೇಳಿಲ್ಲ!

*

ಆಮೇಲೆ ಬಂದ ಟ್ರಯಲ್‌ಗಳು ಎರಡು ದಾರಿ ಹಿಡಿದವು. ಒಂದು ಔಷಧಿಯ ದಾರಿ, ಇನ್ನೊಂದು ಮಾತಿನ ದಾರಿ.

ಔಷಧಿಯ ದಾರಿಯಲ್ಲಿ ಮೊದಲು ಬಂದದ್ದು ಬ್ರೆಕ್ಸನೊಲೋನ್. ಗರ್ಭಿಣಿಯ ಮೈಯಲ್ಲಿ ಏರಿ, ಹೆರಿಗೆಯಾದ ಕೂಡಲೇ ದಢಕ್ಕನೆ ಇಳಿದುಹೋಗೋ ಒಂದು ವಸ್ತುವಿನ ಔಷಧಿ ರೂಪ ಅದು. ಅಮೆರಿಕದ 30 ಕೇಂದ್ರಗಳಲ್ಲಿ, ಎರಡು ಟ್ರಯಲ್‌ಗಳಲ್ಲಿ, 246 ಬಾಣಂತಿಯರು ಭಾಗವಹಿಸಿದರು. ಆಸ್ಪತ್ರೆಯಲ್ಲಿ 60 ಗಂಟೆ ಡ್ರಿಪ್ ಹಾಕ್ಕೊಂಡು ಮಲಗಬೇಕು. 2018ರಲ್ಲಿ ಫಲಿತಾಂಶ ಬಂತು, 2019ರ ಮಾರ್ಚ್ 19ರಂದು ಒಪ್ಪಿಗೆ ಸಿಕ್ತು. ಬಾಣಂತಿ ಖಿನ್ನತೆಗೆ ಅಂತಲೇ ಒಪ್ಪಿಗೆ ಪಡೆದ ಮೊಟ್ಟಮೊದಲ ಔಷಧಿ. ಬೆಲೆ ಮಾತ್ರ ಒಂದು ಸಲಕ್ಕೆ 34,000 ಡಾಲರ್! ಅಷ್ಟು ದುಡ್ಡು, ಅಷ್ಟು ರಗಳೆ ಎಷ್ಟು ಜನರ ಕೈಲಾದೀತು? 2024ರ ಕೊನೆಗೆ ಕಂಪನಿ ಅದನ್ನ ನಿಲ್ಲಿಸಿಯೇ ಬಿಟ್ಟಿತು. ಅಷ್ಟರಲ್ಲಿ ಅದರ ತಂಗಿ ಬಂದಿತ್ತು: ಜುರನೊಲೋನ್, ದಿನಕ್ಕೊಂದು ಸಲದಂತೆ ಹದಿನಾಲ್ಕು ದಿನ ನುಂಗೋದು. 2023ರ ಆಗಸ್ಟ್‌ನಲ್ಲಿ ಇದಕ್ಕೆ ಒಪ್ಪಿಗೆ ಸಿಕ್ತು.

ಬ್ರೆಕ್ಸನೊಲೋನ್ ಟ್ರಯಲ್‌ನ ಒಂದು ಲೆಕ್ಕ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಮೊದಲ ಅಧ್ಯಯನದಲ್ಲಿ ಔಷಧಿ ಸಿಕ್ಕವರ ಖಿನ್ನತೆಯ ಅಂಕ 60 ಗಂಟೆಯಲ್ಲಿ ಸರಾಸರಿ 17.7ರಿಂದ 19.5ರಷ್ಟು ಇಳೀತು. ಔಷಧಿಯೇ ಇಲ್ಲದ ಡ್ರಿಪ್ ಹಾಕಿಸಿಕೊಂಡವರದ್ದೂ 14 ಇಳೀತು! ಔಷಧಿಯದ್ದೇ ಅನ್ನಬಹುದಾದ ಭಾಗ ಇದೆ, ಇಲ್ಲ ಅಂತಲ್ಲ. ಕಾಯಿಲೆಯ ಅತಿ ಕೆಟ್ಟ ಘಳಿಗೆಯಲ್ಲಿ ಟ್ರಯಲ್‌ಗೆ ಸೇರಿದವರು ಆಮೇಲೆ ತಾವಾಗಿಯೇ ಸ್ವಲ್ಪ ಚೇತರಿಸಿಕೊಳ್ಳೋದೂ ಉಂಟು, ವಾಸಿಯಾಗ್ತೀನಿ ಅನ್ನೋ ನಂಬಿಕೆಯೂ ಕೆಲಸ ಮಾಡುತ್ತೆ. ಆದ್ರೂ ನನಗನ್ನಿಸೋದು ಬೇರೆ. ಎರಡೂವರೆ ದಿನ ಮನೆಗೆಲಸ ಇಲ್ಲ. ಹೊತ್ತುಹೊತ್ತಿಗೆ ಒಬ್ಬರು ಬಂದು 'ಹೇಗಿದ್ದೀಯಮ್ಮಾ?' ಅಂತ ಕೇಳ್ತಾರೆ, ಉತ್ತರ ಬರ್ಕೊಳ್ತಾರೆ. ಮಗು ಹೇಗಿದೆ ಅಂತಲ್ಲ, *ನೀನು* ಹೇಗಿದ್ದೀಯ ಅಂತ. ಇದು ನಮ್ಮ ಬಾಣಂತನದ ಕೋಣೆಯಲ್ಲವೇ?

ಹಾಗಂತ 'ನಮ್ಮ ಬಾಣಂತನ ಇದ್ರೆ ಸಾಕು, ಖಿನ್ನತೆ ಹತ್ತಿರ ಸುಳಿಯಲ್ಲ' ಅಂತ ಎದೆ ತಟ್ಟಿಕೊಳ್ಳೋ ಮೊದಲು ಗೋವಾ ಕಡೆ ನೋಡಿ. ವಿಕ್ರಂ ಪಟೇಲ್ ಮತ್ತವರ ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾಗಿ ಆರರಿಂದ ಎಂಟು ವಾರದಲ್ಲಿ ಶೇ. 23 ತಾಯಂದಿರಿಗೆ ಖಿನ್ನತೆ ಇತ್ತು. ಬಡತನ, ಗಂಡನ ಹೊಡೆತ, ಗಂಡುಮಗು ಬೇಕಿದ್ದಾಗ ಹೆಣ್ಣು ಹುಟ್ಟಿದ್ದು, ಇವೆಲ್ಲ ಅಪಾಯ ಹೆಚ್ಚಿಸಿದ್ದವು. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು ಎಲ್ಲಾ ಮೈಗೆ ಆಯ್ತು. ಮನಸ್ಸಿಗೆ ಏನು ಅಂತ ಕೇಳಿದವರು ಯಾರು?

ಮಾತಿನ ದಾರಿಯ ಟ್ರಯಲ್‌ಗಳು ಕೇಳಿದ್ದು ಅದನ್ನೇ. 1989ರಲ್ಲಿ ಎಡಿನ್‌ಬರೋದಲ್ಲಿ ಜೆನ್ನಿಫರ್ ಹೋಲ್ಡನ್, ಮನೆಮನೆಗೆ ಹೋಗೋ ನರ್ಸ್‌ಗಳಿಗೆ ಸ್ವಲ್ಪ ತರಬೇತಿ ಕೊಟ್ಟು, ವಾರಕ್ಕೊಂದು ಸಲದ ಹಾಗೆ ಎಂಟು ವಾರ ಬಾಣಂತಿಯರ ಮಾತು ಕೇಳಿಸಿದರು. ಹಾಗೆ ಮಾಡಿದ 26 ಮಂದಿಯಲ್ಲಿ 18 ಮಂದಿ ಗುಣವಾದರು, ಎಂದಿನ ಆರೈಕೆಯಲ್ಲಿದ್ದ 24ರಲ್ಲಿ 9 ಮಂದಿ. ಅಮೆರಿಕದ ಮಧ್ಯಪಶ್ಚಿಮದಲ್ಲಿ, ಶಿಕಾಗೋದ ಪಕ್ಕದ ಅಯೋವಾದಲ್ಲಿ, ಮೈಕಲ್ ಓಹಾರಾ ತಂಡ 120 ಬಾಣಂತಿಯರೊಂದಿಗೆ ಹನ್ನೆರಡು ವಾರದ ಮಾತಿನ ಚಿಕಿತ್ಸೆ ನಡೆಸಿ 2000ದಲ್ಲಿ ಒಳ್ಳೇ ಫಲಿತಾಂಶ ತೋರಿಸಿತು. 2008ರಲ್ಲಿ ಪಾಕಿಸ್ತಾನದ ರಾವಲ್ಪಿಂಡಿ ಕಡೆಯ ಹಳ್ಳಿಗಳಲ್ಲಿ ಆತಿಫ್ ರಹಮಾನ್ 903 ತಾಯಂದಿರ ಟ್ರಯಲ್ ಮಾಡಿದರು. ಅಲ್ಲಿ ಚಿಕಿತ್ಸೆ ಕೊಟ್ಟದ್ದು ನಮ್ಮ ಆಶಾ ಕಾರ್ಯಕರ್ತೆಯರಂಥ ಹಳ್ಳಿ ಹೆಂಗಸರು. ಆರು ತಿಂಗಳಲ್ಲಿ ಖಿನ್ನತೆ ಉಳಿದಿದ್ದು ಒಂದು ಗುಂಪಿನಲ್ಲಿ ಶೇ. 23, ಇನ್ನೊಂದರಲ್ಲಿ ಶೇ. 53. ಗೋವಾದಲ್ಲಿ ಅದೇ ಕೆಲಸವನ್ನ ಅಕ್ಕಪಕ್ಕದ ಮನೆಯ 'ಸಖಿ'ಯರು ಮಾಡಿದ ಟ್ರಯಲ್ 2019ರಲ್ಲಿ ಪ್ರಕಟವಾಯ್ತು. ಅಲ್ಲಿ ಪರಿಣಾಮ ಸಾಧಾರಣ, ಆದರೆ ಖರ್ಚು ಬಹಳ ಕಡಿಮೆ.

ಈ ದಾರಿ ಎಲ್ಲಿಗೆ ಬಂದು ಸೇರಿತು ಗೊತ್ತಾ? ಮತ್ತೆ ಶಿಕಾಗೋ ಪಕ್ಕಕ್ಕೇ! 2001ರ ಆ ಸಾವುಗಳ ನಂತರ ಎವನ್‌ಸ್ಟನ್‌ನ ನಾರ್ತ್‌ಶೋರ್ ಆಸ್ಪತ್ರೆ (ಈಗ ಎಂಡೆವರ್ ಹೆಲ್ತ್) ತನ್ನಲ್ಲಿ ಬರೋ ಗರ್ಭಿಣಿ-ಬಾಣಂತಿಯರನ್ನೆಲ್ಲ ಖಿನ್ನತೆಗೆ ತಪಾಸಣೆ ಮಾಡೋ ವ್ಯವಸ್ಥೆ, ಹಗಲು-ರಾತ್ರಿ ಫೋನ್ ಎತ್ತೋ ಸಹಾಯವಾಣಿ ಕಟ್ಟಿತ್ತು. ಜೆನಿಫರ್ ಕುಟುಂಬದವರು ಕಟ್ಟಿದ ಪ್ರತಿಷ್ಠಾನವೂ ಕೈಜೋಡಿಸಿತ್ತು. ಅದೇ ಆಸ್ಪತ್ರೆ 'ಸಮಿಟ್' ಅನ್ನೋ ದೊಡ್ಡ ಟ್ರಯಲ್‌ನ ಒಂದು ಕೇಂದ್ರವಾಯ್ತು. ಟೊರಾಂಟೊ ಮತ್ತು ನಾರ್ತ್ ಕ್ಯಾರೊಲೈನಾ ಉಳಿದವು. ಮುಂದಾಳು ಡೇಸಿ ಸಿಂಗ್ಲಾ, ಗೋವಾದ ಸಂಗಾತ್ ಸಂಸ್ಥೆಯ ಜೊತೆ ಕೆಲಸ ಮಾಡಿದವರು. 1,230 ಗರ್ಭಿಣಿ-ಬಾಣಂತಿಯರು ಸೇರಿದರು. ಪ್ರಶ್ನೆ ಎರಡೇ: ಮನೋವೈದ್ಯರಲ್ಲದ, ತರಬೇತಿ ಪಡೆದ ನರ್ಸು, ಸೂಲಗಿತ್ತಿ, ದೌಲಾಗಳು ಆರೆಂಟು ಸಲ ಮಾತಾಡಿಸಿದ್ರೆ ತಜ್ಞರಷ್ಟೇ ಪರಿಣಾಮ ಆಗುತ್ತಾ? ಎದುರಿಗೆ ಕೂತು ಮಾತಾಡೋ ಬದಲು ವಿಡಿಯೋದಲ್ಲಿ ಮಾತಾಡಿದ್ರೆ ಸಾಕಾ? 2025ರಲ್ಲಿ ಉತ್ತರ ಬಂತು: ಆಗುತ್ತೆ, ಸಾಕು. ಎರಡರಲ್ಲೂ ಏನೂ ಕಡಿಮೆಯಾಗಲಿಲ್ಲ.

ಮೈನಸ್ ಹದಿನೈದು ಡಿಗ್ರಿ ಚಳಿಯಲ್ಲಿ ಕಾರ್ ಓಡಿಸೋಕೆ ಬರದೆ ಕ್ಯಾಂಟನ್ನಿನ ಅಪಾರ್ಟ್‌ಮೆಂಟ್‌ನಲ್ಲಿ ಕೂತಿರೋ ಬಾಣಂತಿಗೆ ಈ ಉತ್ತರದ ಬೆಲೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ.

*

ಹಾಗಾದ್ರೆ ನಮ್ಮ ಹೆಣ್ಣುಮಕ್ಕಳು ಟ್ರಯಲ್‌ಗೆ ಸೇರಬೇಕಾ? 'ಸೇರಿ' ಅಂತ ಹೇಳೋಕೆ ನಾನು ಯಾರು? ಆದರೆ ಬೇಡ ಅನ್ನೋದಾದ್ರೂ ಗೊತ್ತಿದ್ದು ಅನ್ನಬೇಕು.

ಕೇಳಬೇಕಾದ್ದು ಇಷ್ಟು. ನನಗೆ ಡಮ್ಮಿ ಸಿಗೋ ಸಾಧ್ಯತೆ ಎಷ್ಟು, ಸಿಕ್ಕಿ ಕಾಯಿಲೆ ಜಾಸ್ತಿಯಾದ್ರೆ ಏನು ಮಾಡ್ತೀರಿ? ಎದೆಹಾಲು ನಿಲ್ಲಿಸಬೇಕಾ? (ಬ್ರೆಕ್ಸನೊಲೋನ್, ಜುರನೊಲೋನ್ ಟ್ರಯಲ್‌ಗಳಲ್ಲಿ ಔಷಧಿಯ ಸಮಯದಲ್ಲಿ ಮಗುವಿಗೆ ಎದೆಹಾಲು ಕೊಡೋ ಹಾಗಿರಲಿಲ್ಲ. ನಮ್ಮ ಮನೆಗಳಲ್ಲಿ ಇದೊಂದೇ ಕಾರಣಕ್ಕೆ ಜಗಳ ಆಗಬಹುದು, ಅದನ್ನ ಮೊದಲೇ ಕೂತು ಮಾತಾಡಿ.) ತೊಂದರೆಯಾದ್ರೆ ಚಿಕಿತ್ಸೆಯ ಖರ್ಚು ಯಾರದು? ಟ್ರಯಲ್ ಮುಗಿದ ಮೇಲೆ ನನ್ನನ್ನ ಯಾರು ನೋಡ್ಕೊಳ್ತಾರೆ? ನನ್ನ ಹೆಸರು, ಮಾಹಿತಿ ಯಾರ ಕೈಗೆ ಹೋಗುತ್ತೆ? ಕಾಗದವನ್ನ ಮನೆಗೆ ತಗೊಂಡು ಹೋಗಿ ಓದೋ ಹಕ್ಕಿದೆ. ಸೇರಿದ ಮೇಲೂ ಯಾವತ್ತು ಬೇಕಾದ್ರೂ, ಕಾರಣ ಹೇಳದೆ, ಬಿಟ್ಟು ಬರೋ ಹಕ್ಕಿದೆ. ಬಿಟ್ಟರೆ ಮಾಮೂಲಿ ಚಿಕಿತ್ಸೆ ತಪ್ಪಲ್ಲ. ಸಹಿ ಹಾಕೋದು ಅವಳು, ಗಂಡನಲ್ಲ. ಮತ್ತೆ ಒಂದು ಮಾತು, ಕಾಯಿಲೆ ಜೋರಾಗಿದ್ರೆ ಟ್ರಯಲ್‌ಗೆ ಅಂತ ಕಾಯಬೇಡಿ, ಮೊದಲು ಡಾಕ್ಟರು.

ಸೇರಬೇಕು ಅನ್ನೋದಕ್ಕೂ ಒಂದು ಬಲವಾದ ಕಾರಣ ಇದೆ. ಜಗತ್ತಿನಲ್ಲೆಲ್ಲ ಬಳಸೋ ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ 1987ರಲ್ಲಿ ಸ್ಕಾಟ್ಲೆಂಡಿನ ಹೆಂಗಸರಿಗಾಗಿ ಆದದ್ದು. ಅದನ್ನ ಮಾಡಿದವರಲ್ಲಿ ಒಬ್ಬರಾದ ಜಾನ್ ಕಾಕ್ಸ್ ಅದಕ್ಕೂ ಮೊದಲು ಉಗಾಂಡಾದ ಗರ್ಭಿಣಿಯರ ಜೊತೆ ಕೆಲಸ ಮಾಡಿದ್ದರು ಅನ್ನೋದು ಬೇರೆ ಮಾತು. ಅದು ಕನ್ನಡಕ್ಕೂ ಬಂತು. ಬೆಂಗಳೂರು ಹತ್ತಿರದ ಹಳ್ಳಿಗಾಡಿನ ಗರ್ಭಿಣಿಯರಲ್ಲಿ ಅದನ್ನ ಪರೀಕ್ಷಿಸಿದ ಅಧ್ಯಯನ, ಸೇಂಟ್ ಜಾನ್ಸ್‌ನವರೂ ಸೇರಿ ಮಾಡಿದ್ದು, 2011ರಲ್ಲಿ ಪ್ರಕಟವಾಯ್ತು. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡೋ ವಿಭಾಗವೇ ಇದೆ. ಯಾಕೆ ಹೇಳ್ತೀನಿ ಅಂದ್ರೆ, 'ಖಿನ್ನತೆ' ಅನ್ನೋದು ಪೇಪರಿನ ಪದ. ನಮ್ಮ ಹೆಂಗಸರು ಹೇಳೋದು 'ಎದೆ ಭಾರ', 'ಯಾಕೋ ಏನೂ ಬೇಡ ಅನ್ಸುತ್ತೆ', 'ತಲೆಯೆಲ್ಲಾ ಧಿಮ್ ಅನ್ನುತ್ತೆ'. ಇಲ್ಲಿನ ಬಹಳಷ್ಟು ಟ್ರಯಲ್‌ಗಳು ಇಂಗ್ಲಿಷ್ ಬರೋರನ್ನೇ ತಗೊಳ್ಳುತ್ತವೆ. ನಾವೂ ದೂರವೇ ಉಳಿದ್ರೆ, ನಮ್ಮಂಥವರ ಮೈಗೆ, ನಮ್ಮಂಥವರ ಮಾತಿಗೆ ಯಾವ ಚಿಕಿತ್ಸೆ ಹೊಂದುತ್ತೆ ಅನ್ನೋದು ಯಾರಿಗೂ ತಿಳಿಯಲ್ಲ. ಆಗ ನಮ್ಮ ಮಗಳಿಗೆ ಕೊಡೋ ಔಷಧಿ ಬೇರೆ ಯಾರದೋ ಮೇಲೆ ಪರೀಕ್ಷೆಯಾದದ್ದು. ಪರೀಕ್ಷೆ ಇಲ್ಲದೆ ಕೊಡೋದೂ ಒಂದು ಪ್ರಯೋಗವೇ, ಕಾಗದ-ಪತ್ರ ಇಲ್ಲದ ಪ್ರಯೋಗ. ಡಿಇಎಸ್ ಕತೆ ಹೇಳಿದ್ದು ಅದಕ್ಕೇ.

ಶಿಕಾಗೋದ ವಿದ್ಯಾರಣ್ಯ, ಡೆಟ್ರಾಯ್ಟ್‌ನ ಪಂಪ, ಎರಡೂ ಕನ್ನಡ ಕೂಟಗಳು ಯುಗಾದಿ, ದೀಪಾವಳಿಗೆ ನೂರಾರು ಜನ ಸೇರಿಸ್ತವೆ. ಒಬ್ಬಟ್ಟಿನ ಊಟದ ಸಾಲಿನ ಪಕ್ಕ ರಕ್ತದಾನಕ್ಕೆ ಒಂದು ಮೇಜು ಹಾಕೋ ಹಾಗೆ, ಆ ಹತ್ತು ಪ್ರಶ್ನೆಗಳ ಕನ್ನಡ ಪಟ್ಟಿಗೂ ಒಂದು ಮೇಜು ಹಾಕಿದ್ರೆ ಏನು ನಷ್ಟ? ಮಾತಿನ ಚಿಕಿತ್ಸೆಗೆ ತಜ್ಞರೇ ಬೇಕಿಲ್ಲ ಅಂತ ಟ್ರಯಲ್ ಹೇಳಿದೆ. ತರಬೇತಿ ಪಡೆದ ನಾಲ್ಕು ಜನ ಕನ್ನಡದ ಅಕ್ಕಂದಿರು, ಒಂದು ವಿಡಿಯೋ ಕಾಲ್. ಅಷ್ಟರಿಂದ ಶುರು ಮಾಡಬಹುದು.

ಬೇಕಾದವರು ಈಗಲೇ ಬರೆದಿಟ್ಟುಕೊಳ್ಳಿ: ಅಮೆರಿಕದಲ್ಲಿ ತಾಯಂದಿರ ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ 1-833-852-6262, ದಿನದ 24 ಗಂಟೆಯೂ ಉಂಟು, ದುಭಾಷಿ ಬೇಕು ಅಂತ ಕೇಳಬಹುದು. ಪ್ರಾಣಕ್ಕೇ ಅಪಾಯ ಅನ್ನಿಸಿದ್ರೆ 988. ಭಾರತದಲ್ಲಿ ಟೆಲಿ-ಮನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಸಲ ಯಾರ ಮನೆಗಾದ್ರೂ ಮಗು ನೋಡೋಕೆ ಹೋದಾಗ, ಮಗು ಯಾರ ಹಾಗಿದೆ ಅನ್ನೋ ಚರ್ಚೆ ಮುಗಿದ ಮೇಲೆ ತಾಯಿಯ ಪಕ್ಕ ಎರಡು ನಿಮಿಷ ಕೂತ್ಕೊಳ್ಳಿ. ನೀನು ಹೇಗಿದ್ದೀಯ ಅಂತ ಕೇಳಿ, ಉತ್ತರ ಬರೋವರೆಗೂ ಕಾಯಿರಿ. ಏನಂತೀರಿ?